ದೇವಭಯದ ಧ್ಯಾನಕೂಟ: ಒಬ್ಬ ತೋಟದ ರೈಟರನ ಅಭಿಪ್ರಾಯ

ಕಳೆದ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಲ್ಲಿ, ರೊಬಸ್ಟಾ ಕಾಫಿಯ ಕೊಯ್ಲು ಇನ್ನೇನು ಮುಗಿಯುತ್ತದೆ ಎನ್ನುವ ಹೊತ್ತಿಗೆ, ಚಿಕ್ಕಮಗಳೂರು ಪಟ್ಟಣದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ಕಥೋಲಿಕರ ಒಂದು ಧ್ಯಾನಮಂದಿರದಲ್ಲಿ ನಡೆದ ಧ್ಯಾನಕೂಟಕ್ಕೆ ಹೋಗಿ ಬಂದೆ. ಶುಕ್ರವಾರ ಸಂಜೆ 5 ಗಂಟೆಗೆ ಆರಂಭವಾಗಿ ಭಾನುವಾರ ಮಧ್ಯಾಹ್ನದ ಊಟದೊಂದಿಗೆ ಮುಗಿಯುವ ಈ ಕೂಟಕ್ಕೆ ‘ದಿನನಿತ್ಯದ ಬಾಳಿನಲ್ಲಿ ದೇವಭಯ’ ಎಂಬ ವಿಷಯವನ್ನು ಇಟ್ಟಿದ್ದರು. ಎರಡು ರಾತ್ರಿಯ ವಾಸ, ಊಟ, ಕಾಫಿ, ಒಂದು ಕಿರುಹೊತ್ತಗೆ ಎಲ್ಲ ಸೇರಿ ತಲೆಗೆ 900 ರೂಪಾಯಿ. ಅಷ್ಟು ಕೊಡಲಾಗದವರು ಕೈಲಾದುದನ್ನು ಲಕೋಟೆಯಲ್ಲಿಟ್ಟು ಕೊಡಬಹುದೆಂದೂ, ಲಕೋಟೆಯ ಮೇಲೆ ಹೆಸರು ಬರೆಯಬೇಕಾಗಿಲ್ಲವೆಂದೂ ಬಾಗಿಲಲ್ಲೇ ತಿಳಿಸಿದರು. ಮೆಚ್ಚುಗೆಯ ಜೊತೆಗೆ ಕೆಲವು ಕೊರತೆಗಳನ್ನೂ ಹೇಳಬೇಕಾಗಿರುವುದರಿಂದ ಮಂದಿರದ ಹೆಸರನ್ನಾಗಲಿ, ನಡೆಸಿಕೊಟ್ಟ ಗುರುಗಳ (ಪಾದ್ರಿಗಳ) ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಹೋಗಬೇಕೆನ್ನುವವರು ತಮ್ಮ ಧರ್ಮಕೇಂದ್ರದಲ್ಲಿ, ಅಂದರೆ ತಾವು ಸೇರಿದ ಚರ್ಚಿನಲ್ಲಿ, ವಿಚಾರಿಸಿದರೆ ತಿಳಿಯುತ್ತದೆ.

ಹೇಳುವವನು ಯಾರೆಂದು ಗೊತ್ತಿಲ್ಲದಿದ್ದರೆ ಅವನ ಅಭಿಪ್ರಾಯಕ್ಕೆ ಬೆಲೆ ಕಟ್ಟುವುದು ಕಷ್ಟ. ನಾನು ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ 19 ವರ್ಷಗಳಿಂದ ರೈಟರ್ ಆಗಿದ್ದೇನೆ. ಬೆಳಿಗ್ಗೆ ಹಾಜರಿ ಹಾಕುವುದು, ಕೊಯ್ಲಿನ ತಿಂಗಳುಗಳಲ್ಲಿ ಸಂಜೆ ಹಣ್ಣು ತೂಗಿ ಬರೆದುಕೊಳ್ಳುವುದು, ವಾರಕ್ಕೊಮ್ಮೆ ಬಟವಾಡೆ ಮಾಡುವುದು ನನ್ನ ಕೆಲಸ. ಭಾನುವಾರ ಚರ್ಚಿನಲ್ಲಿ ನಡೆಯುವ ಬಲಿಪೂಜೆಯನ್ನು (ಮಾಸ್) ತಪ್ಪಿಸಿದವನಲ್ಲ. ಅದರಾಚೆಗೆ ಭಕ್ತನೆಂದು ಹೇಳಿಕೊಳ್ಳುವಂಥವನೂ ಅಲ್ಲ. ಧ್ಯಾನಕೂಟಕ್ಕೆ ಹೆಸರು ಕೊಟ್ಟದ್ದು ನಾನಲ್ಲ, ನನ್ನ ಹೆಂಡತಿ. “ನಿಮ್ಮ ಕೈಯಲ್ಲಿ ಜಪಸರಕ್ಕಿಂತ ಮೊಬೈಲೇ ಹೆಚ್ಚು ತಿರುಗುತ್ತದೆ, ಒಮ್ಮೆ ಹೋಗಿ ಬನ್ನಿ” ಎಂದಳು. ಅದಕ್ಕೆ ಮಾರುತ್ತರ ನನ್ನಲ್ಲಿರಲಿಲ್ಲ.

ಒಳಗೆ ಕಾಲಿಟ್ಟ ಕೂಡಲೇ ಸಿಸ್ಟರೊಬ್ಬರು ಬಿಸ್ಕತ್ತಿನ ತಗಡಿನ ಡಬ್ಬವೊಂದನ್ನು ಮುಂದೆ ಹಿಡಿದು ಎಲ್ಲರ ಮೊಬೈಲುಗಳನ್ನೂ ಅದರಲ್ಲಿ ಹಾಕಿಸಿಕೊಂಡರು. ಪ್ರತಿಯೊಂದಕ್ಕೂ ಚೀಟಿ ಅಂಟಿಸಿ, ಡಬ್ಬವನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿ, ಮನೆಯವರಿಗೆ ತಿಳಿಸಲೆಂದು ಮಂದಿರದ ದೂರವಾಣಿ ಸಂಖ್ಯೆಯನ್ನು ಕೊಟ್ಟರು. ನಂತರ ಮೌನದ ನಿಯಮವನ್ನು ವಿವರಿಸಿದರು: ಉಪನ್ಯಾಸದ ನಂತರದ ಪ್ರಶ್ನೆಗಳ ಹೊತ್ತನ್ನು ಬಿಟ್ಟರೆ ಭಾನುವಾರದ ಊಟದವರೆಗೆ ಯಾರೂ ಯಾರೊಡನೆಯೂ ಮಾತನಾಡುವಂತಿಲ್ಲ, ಅಗತ್ಯಬಿದ್ದರೆ ಚೀಟಿಯಲ್ಲಿ ಬರೆದು ತೋರಿಸಬಹುದು. ದೇವರ ಮನೆಗೆ ಹೋಗುವಾಗ ಹೆಜ್ಜೆಯನ್ನು ಜೋಪಾನವಾಗಿಡು, ದೇವರ ಮುಂದೆ ಮಾತು ಕೊಂಚವೇ ಇರಲಿ ಎಂಬ ಅರ್ಥದ ಮಾತು ಬೈಬಲ್ಲಿನ ಉಪದೇಶಕನ ಗ್ರಂಥದ 5ನೆಯ ಅಧ್ಯಾಯದಲ್ಲಿದೆ. ಅದನ್ನೇ ಗೋಡೆಯ ಮೇಲೆ ಬರೆಸಿದ್ದಾರೆ. ಮೌನವನ್ನು ನಾವು 31 ಜನರೂ ಬಹುಮಟ್ಟಿಗೆ ಪಾಲಿಸಿದೆವು ಎನ್ನಬೇಕು. ಎರಡು ಸಲ ಮೌನ ಮುರಿದದ್ದು ನಮ್ಮಿಂದಲ್ಲ, ನಡೆಸುವವರದೇ ಜೇಬಿನಲ್ಲಿ ಉಳಿದಿದ್ದ ಮೊಬೈಲಿನಿಂದ. ಎರಡನೆಯ ಸಲವಂತೂ ಬಲಿಪೂಜೆಯಲ್ಲಿ ರೊಟ್ಟಿಯನ್ನು ಎತ್ತಿ ಹಿಡಿದಿದ್ದ ಕ್ಷಣದಲ್ಲಿ ಬಾರಿಸಿತು. ಇತರರಿಂದ ಕೇಳುವ ಕಟ್ಟುನಿಟ್ಟನ್ನು ಕೇಳುವವರೂ ಪಾಲಿಸಿದರೆ ಚೆನ್ನ.

ಪ್ರಾರ್ಥನಾಲಯ ನನಗೆ ಬಹಳ ಹಿಡಿಸಿತು. ಬೆಂಚುಗಳಿಲ್ಲ, ಚಾಪೆ ಹಾಸಿದ ನೆಲ, ಮುಂದೆ ತಗ್ಗಾದ ಪೀಠ, ಪಕ್ಕದಲ್ಲಿ ಹಿತ್ತಾಳೆಯ ದೀಪಸ್ತಂಭ. ಚಪ್ಪಲಿಗಳನ್ನು ಹೊರಗೆ ಸಾಲಾಗಿ ಬಿಡಬೇಕು. ಮೊಣಕಾಲೂರುವುದರ ಬದಲು ಕೈಮುಗಿದು ಆಳವಾಗಿ ಬಾಗುತ್ತಾರೆ, ಪಾಪ ಕ್ಷಮೆ ಬೇಡುವ ಭಾಗದಲ್ಲಿ ಮೊಣಕಾಲು, ಕೈ, ತಲೆಗಳನ್ನು ನೆಲಕ್ಕೆ ತಾಗಿಸುವ ಪಂಚಾಂಗ ಪ್ರಣಾಮ ಮಾಡುತ್ತಾರೆ. ನಮ್ಮ ಗುಂಪಿನಲ್ಲಿದ್ದ ಹಿರಿಯರೊಬ್ಬರು ಮೊದಲ ಪ್ರಶ್ನೆಗಳ ಹೊತ್ತಿನಲ್ಲಿಯೇ ಎದ್ದು ನಿಂತು, ಇದು ಚರ್ಚಿನ ರೀತಿಯೇ, ನಮ್ಮ ಕಾಲದಲ್ಲಿ ಹೀಗಿರಲಿಲ್ಲವಲ್ಲ ಎಂದು ತುಸು ಖಾರವಾಗಿ ಕೇಳಿದರು. ಇದು ಯಾರೋ ಒಬ್ಬ ಗುರುಗಳ ಇಚ್ಛೆಯಲ್ಲ, 1960ರ ದಶಕದಲ್ಲಿ ಚರ್ಚಿನ ರೀತಿನೀತಿಗಳ ಸುಧಾರಣೆಗೆ ದಾರಿ ಮಾಡಿದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಭಾರತದ ಧರ್ಮಾಧ್ಯಕ್ಷರು (ಬಿಷಪ್ಪರು) ಬೇಡಿಕೊಂಡು, 1969ರ ಏಪ್ರಿಲ್ 25ರಂದು ರೋಮ್ ಒಪ್ಪಿಗೆ ಕೊಟ್ಟ 12 ಅಂಶಗಳಲ್ಲಿ ನೆಲದ ಮೇಲೆ ಕೂರುವುದು, ಪಾದರಕ್ಷೆ ಕಳಚುವುದು, ಕೈಮುಗಿದು ಬಾಗುವುದು, ಎಣ್ಣೆಯ ದೀಪ ಹಚ್ಚುವುದು ಎಲ್ಲವೂ ಇವೆ ಎಂದು ಸಿಸ್ಟರ್ ಸಮಾಧಾನದಿಂದ ಉತ್ತರಿಸಿದರು. ಉರಿಯುವ ಪೊದೆಯ ಮುಂದೆ ಮೋಶೆಗೆ ದೇವರು ಮೊದಲು ಹೇಳಿದ ಮಾತುಗಳಲ್ಲೊಂದು ಕೆರ ಕಳಚು ಎಂಬುದೇ ಅಲ್ಲವೇ ಎಂದೂ ಸೇರಿಸಿದರು. ಹಿರಿಯರು ಒಪ್ಪಿದಂತೆ ಕಾಣಲಿಲ್ಲ. ಆದರೆ ಮರುದಿನ ಪ್ರಣಾಮ ಮಾಡುವಾಗ ಎಲ್ಲರಿಗಿಂತ ಹೆಚ್ಚು ಹೊತ್ತು ತಲೆಯನ್ನು ನೆಲಕ್ಕೆ ಹಚ್ಚಿದ್ದವರು ಅವರೇ.

ಚಪ್ಪಲಿಯ ಮಾತು ಬಂದಾಗ ನನಗೆ ನನ್ನ ತಾಯಿಯ ನೆನಪಾಯಿತು. ಅವರ ತವರು ಹಾಸನದ ಗೊರೂರಿನ ಕಡೆ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿಸಿದ ಶೆಟ್ಟಿಹಳ್ಳಿಯ ಚರ್ಚು ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಸೇರಿದ ಮೇಲೆ, ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಎದ್ದು ನಿಲ್ಲುವ ಅದರ ಗೋಡೆಗಳನ್ನು ನೋಡಲು ಈಗ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವ ಜೋಡಿಗಳಿಗೆ ಅದು ಅಚ್ಚುಮೆಚ್ಚಿನ ಜಾಗ. ಕೆಲವು ವರ್ಷಗಳ ಹಿಂದೆ ತಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಚಾವಣಿಯಿಲ್ಲ, ಪೀಠವಿಲ್ಲ, ನೆಲದಲ್ಲಿ ಒಣಗಿದ ಕೆಸರು ಮತ್ತು ಒಡೆದ ಬಾಟಲಿಗಳ ಚೂರು. ಅವರು ಬಾಗಿಲಿದ್ದ ಕಡೆ ನಿಂತು ಚಪ್ಪಲಿ ಬಿಟ್ಟರು. ಗಾಜು ಚುಚ್ಚುತ್ತದೆ, ಹಾಕಿಕೊಳ್ಳಿ ಎಂದೆ. ಪೀಠವಿದ್ದ ಜಾಗದವರೆಗೆ ನೋಡಿ ನೋಡಿ ಕಾಲಿಡುತ್ತ ಹೋಗಿ ಬಂದರೇ ಹೊರತು ಚಪ್ಪಲಿ ಹಾಕಿಕೊಳ್ಳಲಿಲ್ಲ. ಆಗ ಅದು ನನಗೆ ಮುದುಕಿಯೊಬ್ಬಳ ಹಟವಾಗಿ ಕಂಡಿತ್ತು.

ಮೊದಲ ಉಪನ್ಯಾಸ ಶುಕ್ರವಾರ ರಾತ್ರಿ, ಗಂಜಿಯೂಟದ ನಂತರ. ನಡೆಸಿಕೊಟ್ಟವರು 70 ದಾಟಿದ ಗುರುಗಳು. ಧ್ವನಿ ಸಣ್ಣದು, ಕನ್ನಡ ಸೊಗಸಾದುದು. ಅವರು ದೇವಭಯ ಎಂಬ ಪದದಿಂದಲೇ ಆರಂಭಿಸಿದರು. ಹೀಬ್ರೂ ಭಾಷೆಯಲ್ಲಿ ‘ಯಿರ್‌ಆ’ ಎಂಬ ಒಂದೇ ಪದ ಹೆದರಿಕೆಯನ್ನೂ, ದೊಡ್ಡದೊಂದರ ಎದುರು ನಿಂತಾಗ ಮೈ ಝುಮ್ಮೆನ್ನುವ ಗೌರವವನ್ನೂ ಹೇಳುತ್ತದಂತೆ. ಕನ್ನಡದ ಹಳೆಯ ಅನುವಾದದಲ್ಲಿ ‘ಯೆಹೋವನ ಭಯ’ ಎಂದು ಓದಿ ಬೆಳೆದವರಿಗೆ ಅದು ಬರೀ ಹೆದರಿಕೆಯಾಗಿ ಕೇಳಿಸುವುದುಂಟು. ಆದರೆ ಅನುವಾದಕರು ಹುಟ್ಟುವುದಕ್ಕೂ ಮುಂಚೆಯೇ ನಮ್ಮ ಹಳ್ಳಿಯ ಜನ ‘ಭಯಭಕ್ತಿ’ ಎಂದು ಎರಡನ್ನೂ ಒಂದೇ ಹುರಿಯಲ್ಲಿ ಹೊಸೆದಿಟ್ಟಿದ್ದಾರೆ, ಒಂದು ಎಳೆಯನ್ನು ಬಿಚ್ಚಿದರೆ ಇನ್ನೊಂದು ನಿಲ್ಲುವುದಿಲ್ಲ ಎಂದರು. 13ನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಗುಲಾಮನ ಭಯ, ಮಗನ ಭಯ ಎಂದು ವಿಂಗಡಿಸಿದ್ದನ್ನು ಅವರು ತೋಟದ ಭಾಷೆಯಲ್ಲಿಯೇ ವಿವರಿಸಿದರು. ಮೇಸ್ತ್ರಿ ನೋಡುತ್ತಿದ್ದಾನೆಂದು ಬಾಗಿ ಕಳೆ ತೆಗೆಯುವವನು ಮೇಸ್ತ್ರಿ ಬೆನ್ನು ತಿರುಗಿಸಿದ ಕೂಡಲೇ ಬೀಡಿ ಹಚ್ಚುತ್ತಾನೆ; ಅದು ಪೆಟ್ಟಿನ ಭಯ. ತಾಯಿಗೆ ನೋವಾದೀತೆಂದು ಅಳುಕುವ ಮಗನಿಗೆ ತಾಯಿ ಮನೆಯಲ್ಲಿದ್ದಾಳೋ ಇಲ್ಲವೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಪವಿತ್ರಾತ್ಮರ ಏಳು ವರದಾನಗಳಲ್ಲಿ ದೇವಭಯವೂ ಒಂದೆಂದು ದೃಢೀಕರಣ ಸಂಸ್ಕಾರಕ್ಕೆ ಮುಂಚೆ ಬಾಯಿಪಾಠ ಮಾಡಿದ್ದೆವು. ವರದಾನವೊಂದಕ್ಕೆ ಭಯವೆಂಬ ಹೆಸರೇಕೆ ಎಂದು ಆಗ ಕೇಳಲು ಹೊಳೆದಿರಲಿಲ್ಲ.

ಮನೆಯಲ್ಲಿ ಹಿರಿಯರು ರೂಢಿಸಿಕೊಂಡಿದ್ದ ಮರ್ಯಾದೆಗಳ ಬಗ್ಗೆ ಗುರುಗಳು ಬಹಳ ಹೊತ್ತು ಮಾತನಾಡಿದರು. ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6ರ ಚರ್ಚಿನ ಗಂಟೆ ಕೇಳಿದರೆ ಹೊತ್ತ ಹೊರೆಯನ್ನು ಇಳಿಸಿ ನಿಂತು ಜಪ ಹೇಳುವುದು, ಬೈಬಲ್ಲಿನ ಮೇಲೆ ಬೇರೆ ಪುಸ್ತಕವನ್ನಾಗಲಿ ಕನ್ನಡಕವನ್ನಾಗಲಿ ಇಡದಿರುವುದು, ರೊಟ್ಟಿಯ ಹಿಟ್ಟು ನಾದುವ ಮುನ್ನ ಶಿಲುಬೆಯ ಗುರುತು ಹಾಕುವುದು. ಇವನ್ನೆಲ್ಲ ಮೂಢನಂಬಿಕೆಯೆಂದು ತಳ್ಳಿಹಾಕುವವರನ್ನು ಅವರು ಒಪ್ಪಲಿಲ್ಲ. ಇವೇ ಭಕ್ತಿಯೆಂದು ತಿಳಿದವರನ್ನೂ ಒಪ್ಪಲಿಲ್ಲ. ಇವು ಬೇಲಿ ಎಂದರು. ಬೇಲಿಯಿಲ್ಲದ ತೋಟಕ್ಕೆ ದನ ನುಗ್ಗುತ್ತದೆ, ನಿಜ. ಆದರೆ ಬೇಲಿಯನ್ನಷ್ಟೇ ವರ್ಷ ವರ್ಷ ಭದ್ರಮಾಡಿ ಒಳಗೆ ಗಿಡ ನೆಡದವನಿಗೆ ಏನು ಬೆಳೆ ಸಿಕ್ಕೀತು? ಈ ಭಾಗ ಇನ್ನಷ್ಟು ಚಿಕ್ಕದಾಗಿದ್ದರೂ ನಡೆಯುತ್ತಿತ್ತೆಂದು ನನಗನ್ನಿಸಿತು, ಏಕೆಂದರೆ ಗಿಡದ ವಿಚಾರಕ್ಕೆ ಬರುವಷ್ಟರಲ್ಲಿ ಶನಿವಾರದ ಬೆಳಗೂ ಕಳೆದಿತ್ತು.

ಶನಿವಾರ ಬೆಳಿಗ್ಗೆ ಒಂದು ಅಭ್ಯಾಸ ಕೊಟ್ಟರು. ಕಿರುಹೊತ್ತಗೆಯ ಖಾಲಿ ಪುಟದಲ್ಲಿ, ಕಳೆದ ಒಂದು ವಾರದಲ್ಲಿ ದೇವರ ಹೆಸರನ್ನು ಯಾವ ಯಾವ ಸಂದರ್ಭದಲ್ಲಿ ಬಾಯಲ್ಲಿ ತಂದೆವೆಂದು ನೆನಪಾದಷ್ಟೂ ಬರೆಯಬೇಕು, ಯಾರಿಗೂ ತೋರಿಸಬೇಕಾಗಿಲ್ಲ. ದೇವರ ನಾಮ ಪೂಜಿತವಾಗಲಿ ಎಂದು ದಿನಕ್ಕೆ ಹಲವು ಬಾರಿ ಪ್ರಾರ್ಥಿಸುವವರು ಆ ನಾಮವನ್ನು ಉಳಿದ ಹೊತ್ತಿನಲ್ಲಿ ಏನು ಮಾಡುತ್ತೇವೆಂದು ಕಣ್ಣಾರೆ ನೋಡಿಕೊಳ್ಳುವ ಅಭ್ಯಾಸವದು. ಸುಲಭವೆಂದುಕೊಂಡು ಮರದಡಿ ಕುಳಿತೆ. ಜಪಸರ, ಊಟದ ಮುಂಚಿನ ಪ್ರಾರ್ಥನೆ, ಎಡವಿದಾಗ ‘ಯೇಸುವೇ’ ಎಂದದ್ದು, ಇಷ್ಟು ಬರೆದ ಮೇಲೆ ಮುಂದಿನ ಪದ ತಾನಾಗಿ ಬಂತು: ‘ದೇವರಾಣೆ’. ಅದರ ಮುಂದೆ ಗೆರೆ ಎಳೆಯುತ್ತ ಹೋದಂತೆ ಸಾಲು ತುಂಬಿ ಎರಡನೆಯ ಸಾಲಿಗೆ ಇಳಿಯಿತು. ಅವೆಲ್ಲವೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಹೇಳಿದವು. ಸಂಜೆ ತಕ್ಕಡಿಯ ಪಕ್ಕ ನಿಂತು, “ರೈಟ್ರೇ, ಇನ್ನೊಂದು ಸಲ ನೋಡಿ, ಚೀಲ ತುಂಬ ಇತ್ತಲ್ಲ” ಎಂದವರಿಗೆ, “ದೇವರಾಣೆಗೂ ಅಷ್ಟೇ ಇರೋದು” ಎಂದು ಮುಂದಿನವರನ್ನು ಕರೆಯುತ್ತಿದ್ದೆ. ಆಣೆಯೇ ಇಡಬೇಡಿ, ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎನ್ನಿ ಎಂದು ಯೇಸುಸ್ವಾಮಿ ಬೆಟ್ಟದ ಮೇಲಿನ ಬೋಧನೆಯಲ್ಲಿ ಹೇಳಿದ್ದನ್ನು ನಾನು ಎಷ್ಟು ಬಾರಿ ಕೇಳಿಲ್ಲ!

ಈ ಧ್ಯಾನಕೂಟಕ್ಕೆ ಕೊಟ್ಟ ಹಣ ಸಾರ್ಥಕವಾದದ್ದು ಶನಿವಾರ ಮಧ್ಯಾಹ್ನದ ಒಂದು ಗಂಟೆಯಲ್ಲಿ. ಗುರುಗಳು ಬೈಬಲ್ಲಿನ ಯಾಜಕಕಾಂಡವನ್ನು ತೆಗೆಯಲು ಹೇಳಿದರು. ಬಲಿ, ರಕ್ತ, ಶುದ್ಧಾಶುದ್ಧಗಳ ಪಟ್ಟಿಯೆಂದು ನಾವು ಹಾರಿಸಿ ಹೋಗುವ ಆ ಗ್ರಂಥದಲ್ಲಿ ‘ನಿನ್ನ ದೇವರಿಗೆ ಭಯಪಡು’ ಎಂಬ ಅಪ್ಪಣೆ ಐದು ಕಡೆ ಬರುತ್ತದೆ. ಐದರಲ್ಲಿ ಒಂದೂ ದೇವರ ಆರಾಧನೆಯ ಗುಡಾರದ ಒಳಗಿನ ಪೂಜೆಯ ಬಗ್ಗೆ ಅಲ್ಲ. ಕಿವುಡನನ್ನು ಶಪಿಸಬೇಡ, ಕುರುಡನ ಮುಂದೆ ಎಡವುಗಲ್ಲನ್ನು ಇಡಬೇಡ, ದೇವರಿಗೆ ಭಯಪಡು, ಇದು 19ನೆಯ ಅಧ್ಯಾಯದ 14ನೆಯ ವಚನದ ಸಾರ. ತಲೆನರೆತವರ ಮುಂದೆ ಎದ್ದು ನಿಲ್ಲು ಎಂಬುದು ಅದೇ ಅಧ್ಯಾಯದ 32. ಉಳಿದ ಮೂರೂ 25ನೆಯ ಅಧ್ಯಾಯದವು: ಭೂಮಿಯ ಕೊಡುಕೊಳುವಿಕೆಯಲ್ಲಿ ಮೋಸ ಮಾಡಬೇಡ, ಬಡವನಾದ ಸಹೋದರನಿಂದ ಬಡ್ಡಿ ಕೀಳಬೇಡ, ನಿನ್ನ ಕೈಕೆಳಗೆ ದುಡಿಯುವವನ ಮೇಲೆ ದರ್ಪದಿಂದ ದೊರೆತನ ನಡೆಸಬೇಡ. ಈ ಐದರಲ್ಲಿಯೇ ಆ ಮಾತು ಏಕೆ ಎಂಬುದಕ್ಕೆ ಯೆಹೂದಿ ಪಂಡಿತರ ಹಳೆಯ ವ್ಯಾಖ್ಯಾನವೊಂದಿದೆಯಂತೆ. ಇವೆಲ್ಲ ಮನಸ್ಸಿಗೆ ಒಪ್ಪಿಸಿಬಿಟ್ಟ ಸಂಗತಿಗಳು. ಮಾಡಿದವನ ಉದ್ದೇಶವನ್ನು ಹೊರಗಿನವರು ಹಿಡಿಯಲಾರರು. ಕಿವುಡನಿಗೆ ಕೇಳಿಸುವುದಿಲ್ಲ, ಕುರುಡನಿಗೆ ಕಾಣಿಸುವುದಿಲ್ಲ, ಮುದುಕರು ಬಂದದ್ದನ್ನು ನೋಡಲೇ ಇಲ್ಲವೆಂದು ಹೇಳಿದರೆ ಯಾರು ತಾನೇ ಅಲ್ಲಗಳೆಯಬಲ್ಲರು? ಸಾಕ್ಷಿಯಿಲ್ಲದ ಕಡೆ ದೇವರೊಬ್ಬನೇ ಸಾಕ್ಷಿಯಾದ್ದರಿಂದ ಅಲ್ಲಿ ಅವನ ಭಯವನ್ನು ನೆನಪಿಸಿದ್ದಾರೆ.

ಇಲ್ಲಿ ನಾನು ನನ್ನ ಕಸುಬಿನ ಒಂದು ಗುಟ್ಟನ್ನು ಹೇಳಲೇಬೇಕು, ಇಲ್ಲದಿದ್ದರೆ ಈ ಗಂಟೆ ನನಗೇಕೆ ದೊಡ್ಡದಾಯಿತೆಂದು ಓದುಗರಿಗೆ ತಿಳಿಯುವುದಿಲ್ಲ. ಕೊಯ್ಲಿನಲ್ಲಿ ಕೆ.ಜಿ. ಲೆಕ್ಕದ ಕೂಲಿ. ಎಲೆಕ್ಟ್ರಾನಿಕ್ ತಕ್ಕಡಿ ಗ್ರಾಮಿನವರೆಗೂ ತೋರಿಸುತ್ತದೆ; ನಾನು ಬರೆದುಕೊಳ್ಳುವುದು ಇಡೀ ಕೆ.ಜಿ.ಯನ್ನು ಮಾತ್ರ. 43 ಕೆ.ಜಿ. 700 ಗ್ರಾಂ ಇದ್ದರೆ 43. ಅದರ ಮೇಲೆ ಚೀಲದ ತೂಕವೆಂದು ಒಂದು ಕೆ.ಜಿ. ಕಳೆದರೆ 42. ಹೀಗೆ ಮಾಡೆಂದು ಯಾರೂ ಬರೆದು ಕೊಟ್ಟಿಲ್ಲ. ನನಗಿಂತ ಹಿಂದಿನ ರೈಟರ್ ಹೇಳಿಕೊಟ್ಟಿದ್ದು, ಅವರಿಗೆ ಅವರ ಹಿಂದಿನವರು. ಮೊದಲೆಲ್ಲ ನಮ್ಮ ಲೈನ್ ಮನೆಗಳಲ್ಲಿದ್ದ ಹಳೆಯ ಆಳುಗಳು ತಕ್ಕಡಿಯ ಅಂಕಿ ಓದಿ ತಕರಾರು ಮಾಡುತ್ತಿದ್ದರು. ಈಗ ಕೊಯ್ಲಿಗೆ ಅಸ್ಸಾಮಿನ ಕಡೆಯಿಂದ ಜನ ಬರುತ್ತಾರೆ. ತಕ್ಕಡಿಯ ಅಂಕಿ ಓದಲು ಬಂದವರಿಗೂ ನನ್ನ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದದ್ದು ಅರ್ಥವಾಗುವುದಿಲ್ಲ. ಅವರ ಮುಂದೆ ನನ್ನ ಪುಸ್ತಕವೇ ಎಡವುಗಲ್ಲು. ಗುರುಗಳು ಧರ್ಮೋಪದೇಶಕಾಂಡದ 25ನೆಯ ಅಧ್ಯಾಯದಿಂದ, ಚೀಲದಲ್ಲಿ ದೊಡ್ಡದೊಂದು ಸಣ್ಣದೊಂದು ತೂಕದ ಕಲ್ಲನ್ನು ಇಟ್ಟುಕೊಳ್ಳಬೇಡವೆಂಬ ಮಾತನ್ನು ಓದುತ್ತಿದ್ದಾಗ ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ: ದಿನಕ್ಕೆ ತಲೆಗೆ ಸರಾಸರಿ ಒಂದೂವರೆ ಕೆ.ಜಿ.ಯಂತೆ 36 ಜನ ಎಂದರೆ 54 ಕೆ.ಜಿ., ಅಂದರೆ ಒಬ್ಬ ಆಳು ಇಡೀ ದಿನ ಬಿಟ್ಟಿಯಾಗಿ ಕಿತ್ತಷ್ಟು ಹಣ್ಣು.

ನಮ್ಮ ಗುಂಪಿನಲ್ಲಿ ಹಾಸನದ ಸಿ.ಎಸ್.ಐ. (ಪ್ರೊಟೆಸ್ಟಂಟ್) ಸಭೆಗೆ ಸೇರಿದ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ಕಥೋಲಿಕರ ಧ್ಯಾನಕೂಟಕ್ಕೆ ಅವರು ಬಂದದ್ದನ್ನು ಯಾರೂ ಬೇರೆಯಾಗಿ ನೋಡಲಿಲ್ಲವೆಂಬುದನ್ನು ಈ ಮಂದಿರದ ಲೆಕ್ಕಕ್ಕೆ ಒಳ್ಳೆಯದಾಗಿಯೇ ಬರೆಯುತ್ತೇನೆ. ಉಪನ್ಯಾಸ ಮುಗಿದು ಹೊರಗೆ ಬಂದಾಗ ನನ್ನ ಮುಖ ಹೇಗಿತ್ತೋ ಏನೋ, ಅವರು ಏನೂ ಕೇಳದೆ ‘ಮಲಾಕಿ 3:5’ ಎಂದು ಬರೆದ ಚೀಟಿಯನ್ನು ಕೈಗೆ ಕೊಟ್ಟು ಮುಂದೆ ನಡೆದರು. ರಾತ್ರಿ ದೀಪ ಆರಿಸುವ ಮುನ್ನ ಬೈಬಲ್ಲಿನಲ್ಲಿ ಪ್ರವಾದಿ ಮಲಾಕಿಯ ಗ್ರಂಥದ ಆ ವಚನವನ್ನು ತೆಗೆದು ನೋಡಿದೆ. ದೇವರು ನ್ಯಾಯತೀರ್ಪಿಗೆ ಬಂದಾಗ ಯಾರ ಯಾರ ವಿರುದ್ಧ ಸಾಕ್ಷಿಯಾಗುತ್ತಾನೆಂಬ ಪಟ್ಟಿ ಅದು: ಮಾಟಗಾರರು, ವ್ಯಭಿಚಾರಿಗಳು, ಸುಳ್ಳಾಣೆ ಇಡುವವರು, ಕೂಲಿಯವನ ಕೂಲಿಯಲ್ಲಿ ಮೋಸ ಮಾಡುವವರು, ವಿಧವೆ ಮತ್ತು ಅನಾಥರನ್ನು ಹಿಂಸಿಸುವವರು, ಪರದೇಶಿಯ ನ್ಯಾಯವನ್ನು ಕೆಡಿಸುವವರು, ಕೊನೆಯಲ್ಲಿ ಒಟ್ಟಾಗಿ, ನನಗೆ ಭಯಪಡದವರು. ಬೆಳಿಗ್ಗೆ ನಾನು ಗೆರೆ ಎಳೆದಿದ್ದ ಆಣೆ, ಮಧ್ಯಾಹ್ನ ಲೆಕ್ಕ ಹಾಕಿದ ಕೂಲಿ, ಅಸ್ಸಾಮಿನ ಆಳುಗಳು, ಮೂರೂ ಒಂದೇ ವಚನದಲ್ಲಿ ಕುಳಿತಿದ್ದವು. ಈ ವಚನ ಮಂದಿರದವರ ಕಿರುಹೊತ್ತಗೆಯಲ್ಲಿ ಇರಲಿಲ್ಲ. ಇರಬೇಕಿತ್ತು.

ಕಿರುಹೊತ್ತಗೆಯ ಬಗ್ಗೆ ಇನ್ನೊಂದು ಮಾತು. 24 ಪುಟದ ಅದರಲ್ಲಿ ಒತ್ತಕ್ಷರಗಳು ಹಲವೆಡೆ ಚದುರಿಹೋಗಿವೆ, ಎರಡು ಕಡೆ ವಚನದ ಸಂಖ್ಯೆ ತಪ್ಪಾಗಿದೆ. ಆದರೆ ಸಿರಾಖನ ಗ್ರಂಥದಿಂದ ಆಯ್ದ ಭಾಗಗಳು ಚೆನ್ನಾಗಿವೆ. ದೇವಭಯವು ಹೃದಯಕ್ಕೆ ಸಂತೋಷವನ್ನು ಕೊಡುತ್ತದೆ ಎನ್ನುವ 1ನೆಯ ಅಧ್ಯಾಯದ ಜೊತೆಗೆ, ಕಲ್ಲುಗಳ ಸಂದಿಯಲ್ಲಿ ಗೂಟ ಸಿಕ್ಕಿಕೊಳ್ಳುವಂತೆ ಕೊಳ್ಳುವುದಕ್ಕೂ ಮಾರುವುದಕ್ಕೂ ನಡುವೆ ಪಾಪ ಸಿಕ್ಕಿಕೊಳ್ಳುತ್ತದೆ ಎನ್ನುವ 27ನೆಯ ಅಧ್ಯಾಯವನ್ನೂ ಹಾಕಿದ್ದಾರೆ. ಶಿಕ್ಷಕಿಯವರ ಪ್ರೊಟೆಸ್ಟಂಟ್ ಬೈಬಲ್ಲಿನಲ್ಲಿ ಈ ಗ್ರಂಥವಿಲ್ಲವಾದ್ದರಿಂದ ಅವರು ಆ ಪುಟವನ್ನು ನಿಧಾನವಾಗಿ ತಮ್ಮ ನೋಟ್ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದುದನ್ನು ಕಂಡೆ.

ಯಾಜಕಕಾಂಡದ ಉಪನ್ಯಾಸದ ನಂತರ ಪ್ರಶ್ನೆಗಳಿಗೆಂದು ಇಟ್ಟಿದ್ದ ಹೊತ್ತು ಬರೀ 20 ನಿಮಿಷ. ಆಲ್ದೂರಿನ ಕಡೆಯ ಹೆಂಗಸೊಬ್ಬರು, ಮನೆಯ ಯಜಮಾನನೋ ತೋಟದ ಧಣಿಯೋ ಮಾಡು ಎಂದಾಗ ಕೈಕೆಳಗಿನವರು ಏನು ಮಾಡಬೇಕು, ದೇವಭಯ ಇಟ್ಟುಕೊಂಡು ಕೆಲಸ ಕಳೆದುಕೊಂಡರೆ ಮಕ್ಕಳ ಶಾಲೆಯ ಫೀಸು ಯಾರು ಕಟ್ಟುತ್ತಾರೆ ಎಂದು ನೇರವಾಗಿ ಕೇಳಿದರು. ಇಡೀ ಕೂಟದಲ್ಲಿ ಎದ್ದ ಅತ್ಯಂತ ಗಟ್ಟಿಯಾದ ಪ್ರಶ್ನೆ ಅದು. ಈಜಿಪ್ಟಿನ ಸೂಲಗಿತ್ತಿಯರು ದೇವರಿಗೆ ಭಯಪಟ್ಟು, ಹುಟ್ಟುವ ಗಂಡುಮಕ್ಕಳನ್ನು ಕೊಲ್ಲಬೇಕೆಂಬ ಅರಸ ಫರೋಹನ ಅಪ್ಪಣೆಯನ್ನು ಮೀರಿದರೆಂದು ವಿಮೋಚನಕಾಂಡದ 1ನೆಯ ಅಧ್ಯಾಯ ಹೇಳುತ್ತದೆ ಎಂದು ಗುರುಗಳು ಆರಂಭಿಸಿದರು. ಅಷ್ಟರಲ್ಲಿ ಕಾಫಿಯ ಗಂಟೆ ಬಾರಿಸಿತು. ಕಾಫಿ ಆರಿದರೆ ಬಿಸಿ ಮಾಡಬಹುದು; ಆ ಪ್ರಶ್ನೆಯನ್ನು ಮತ್ತೆ ಯಾರೂ ಎತ್ತಲಿಲ್ಲ.

ಆ ಹೊತ್ತನ್ನು ಎಲ್ಲಿಂದ ಕಡಿತ ಮಾಡಬಹುದಿತ್ತೆಂದು ಕೇಳಿದರೆ ಉತ್ತರ ಸುಲಭ: ಶನಿವಾರ ರಾತ್ರಿ ಎರಡು ಗಂಟೆ ಕಾಲ ನಡೆದ ಸ್ತುತಿಯಾರಾಧನೆಯಿಂದ. ಹೊರಗಿನಿಂದ ಬಂದ ತಂಡವೊಂದು 31 ಜನರಿಗಾಗಿ ಎರಡು ದೊಡ್ಡ ಸ್ಪೀಕರ್‌ಗಳನ್ನೂ ಕೀಬೋರ್ಡನ್ನೂ ಹೂಡಿತು. ಒಂದು ದಿನಕ್ಕೂ ಮಿಕ್ಕಿದ ಮೌನದಿಂದ ಹದಗೊಂಡಿದ್ದ ಕಿವಿಗೆ ಅದು ಕಲ್ಲೆಸೆದಂತಾಯಿತು. ದೇವರು ನಮ್ಮ ಸ್ನೇಹಿತ, ಅವನೊಡನೆ ಸಂಕೋಚವೇಕೆ ಎಂದು ತಂಡದ ಯುವಕರು ಮತ್ತೆ ಮತ್ತೆ ಹೇಳಿದರು. ಶಿಷ್ಯರನ್ನು ಸ್ನೇಹಿತರೆಂದು ಕರೆದದ್ದು ಯೇಸುಸ್ವಾಮಿಯೇ ಹೌದು. ಆದರೆ ಆ ಶಿಷ್ಯರಲ್ಲೊಬ್ಬನಾದ ಯೊವಾನ್ನನು, ಊಟದ ಹೊತ್ತಿನಲ್ಲಿ ಯೇಸುಸ್ವಾಮಿಯ ಎದೆಗೊರಗಿದ್ದ ಶಿಷ್ಯನೆಂದು ಸಭೆಯ ಸಂಪ್ರದಾಯ ಹೇಳುವವನು, ಬೈಬಲ್ಲಿನ ಕೊನೆಯ ಗ್ರಂಥವಾದ ಪ್ರಕಟನೆಯ 1ನೆಯ ಅಧ್ಯಾಯದಲ್ಲಿ ಮಹಿಮೆಯ ಕ್ರಿಸ್ತನನ್ನು ಕಂಡಾಗ ಸತ್ತವನಂತೆ ಪಾದಕ್ಕೆ ಬೀಳುತ್ತಾನಲ್ಲ, ಎರಡನ್ನೂ ಹೇಳಬೇಕಿತ್ತು. ನನ್ನ ಪಕ್ಕದಲ್ಲಿ ಕುಳಿತಿದ್ದ ಹುಡುಗನೊಬ್ಬ ಆ ಹಾಡುಗಳಿಗೆ ಕಣ್ಣೀರು ಹಾಕುತ್ತಿದ್ದುದನ್ನೂ ನೋಡಿದೆ. ಆದ್ದರಿಂದ ಅದು ಯಾರಿಗೂ ಉಪಯೋಗವಾಗಲಿಲ್ಲವೆಂದು ಬರೆಯಲಾರೆ. ದೇವಭಯವೆಂದು ಹೆಸರಿಟ್ಟ ಕೂಟಕ್ಕೆ ಅದು ಹೊಂದಲಿಲ್ಲವೆಂದಷ್ಟೇ ನನ್ನ ತಕರಾರು.

ಪಾಪನಿವೇದನೆಗೆ ಇದ್ದವರು ಒಬ್ಬರೇ ಗುರುಗಳು, ಒಂದೂವರೆ ಗಂಟೆ. ನನ್ನ ಸರದಿ ಬರುವ ಹೊತ್ತಿಗೆ ಹಿಂದೆ ಹದಿಮೂರು ಜನ ಕಾಯುತ್ತಿದ್ದರು. ತಕ್ಕಡಿಯ ವಿಷಯ ಹೇಳಿದೆ. ಅವರು ಅವಸರಪಡಲಿಲ್ಲ, ಆದರೆ ನಾನೇ ಅವಸರಪಟ್ಟೆ. ಪ್ರಾಯಶ್ಚಿತ್ತವಾಗಿ ಜಪ ಹೇಳಲು ಕೊಡುತ್ತಾರೆಂದುಕೊಂಡಿದ್ದೆ. ಸೋಮವಾರ ಬೆಳಿಗ್ಗೆ ಮೊದಲ ಕೆಲಸವಾಗಿ ಒಂದು ಖಾಲಿ ಚೀಲವನ್ನು ತೂಗಿ ನೋಡಿ ಎಂದರು. ಇನ್ನೊಬ್ಬ ಗುರುಗಳನ್ನು ಕರೆಸಿದರೆ ಎಲ್ಲರಿಗೂ ಸಾವಕಾಶ ಸಿಗುತ್ತದೆ.

ಊಟ ಸರಳ, ಬಿಸಿ, ಸಾಕಷ್ಟು. ಶನಿವಾರ ಬೆಳಿಗ್ಗೆಯ ಅಕ್ಕಿರೊಟ್ಟಿ ಮತ್ತು ಕಾಯಿಚಟ್ನಿಯನ್ನು ನೆನೆಸಿಕೊಳ್ಳುವಂತಿತ್ತು. ಬಿಸಿನೀರು ಬೆಳಿಗ್ಗೆ 6ರ ಒಳಗೆ ಹೋದವರಿಗೆ ಮಾತ್ರ. ರಾತ್ರಿ ಚಳಿಯಿರುತ್ತದೆ, ಕಂಬಳಿ ತೆಳುವಾಗಿದೆ, ಶಾಲು ಒಯ್ಯುವುದು ಒಳ್ಳೆಯದು. ಮೊಣಕಾಲು ನೋವಿರುವವರು ಮೊದಲೇ ತಿಳಿಸಿದರೆ ಕುರ್ಚಿ ಹಾಕಿಸುತ್ತಾರೆ.

ಸೋಮವಾರ ಚೀಲವನ್ನು ತೂಗಿದೆ. 130 ಗ್ರಾಂ ಬಂತು. ಅಂದಿನಿಂದ ಗ್ರಾಮಿನ ಲೆಕ್ಕವನ್ನೂ ಬರೆದು, ಚೀಲಕ್ಕೆ ಅದರ ನಿಜವಾದ ತೂಕವನ್ನಷ್ಟೇ ಕಳೆಯುತ್ತಿದ್ದೇನೆಂದು ಧಣಿಗಳಿಗೆ ಹೇಳಿದೆ. ಅವರು ಬೇಡವೆನ್ನಲಿಲ್ಲ, ಆಗಲಿ ಎಂದೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಕೊಯ್ಲು ಉಳಿದಿದ್ದದ್ದು 9 ದಿನ ಮಾತ್ರ. ಅರೇಬಿಕಾ ಜನವರಿಯಲ್ಲೇ ಮುಗಿದಿತ್ತು, ಆ ಆಳುಗಳಲ್ಲಿ ಅರ್ಧಕ್ಕರ್ಧ ಜನ ಬಟವಾಡೆ ತೆಗೆದುಕೊಂಡು ರೈಲು ಹತ್ತಿಯೂ ಆಗಿತ್ತು. ಅವರ ಹೆಸರು ನನ್ನ ಪುಸ್ತಕದಲ್ಲಿದೆ, ವಿಳಾಸವಿಲ್ಲ.

ಈ ಧ್ಯಾನಕೂಟದ ಮೇಲೆ ನನ್ನ ನಿಜವಾದ ತಕರಾರು ಸ್ಪೀಕರ್‌ಗಳದ್ದಲ್ಲ, ಕಂಬಳಿಯದ್ದೂ ಅಲ್ಲ, ಅದನ್ನು ಇಡುವ ತಿಂಗಳಿನದ್ದು. ತಪಸ್ಸುಕಾಲದಲ್ಲಿ ಧ್ಯಾನಕೂಟ ನಡೆಸುವುದು ವಾಡಿಕೆಯಾದರೂ, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ತೋಟದವರಿಗೆ ಆ ಹೊತ್ತಿಗೆ ವರ್ಷದ ತೂಕ ಬಹುಮಟ್ಟಿಗೆ ಮುಗಿದಿರುತ್ತದೆ. ಮಂದಿರದ ಅಭಿಪ್ರಾಯದ ಪುಸ್ತಕದಲ್ಲಿ ಹೊರಡುವ ಮುನ್ನ ‘ಎಲ್ಲವೂ ಚೆನ್ನಾಗಿತ್ತು’ ಎಂದು ಬರೆದು ಬಂದಿದ್ದೆ. ಮೇ ತಿಂಗಳಲ್ಲಿ ಚಿಕ್ಕಮಗಳೂರಿಗೆ ಹೋದಾಗ ಬಸ್ಸಿಳಿದು ಮತ್ತೆ ಅಲ್ಲಿಗೆ ಹೋಗಿ ಆ ಪುಸ್ತಕವನ್ನು ಕೇಳಿ ಪಡೆದು, ಆ ಸಾಲಿನ ಕೆಳಗೆ, ಅಕ್ಟೋಬರಿನಲ್ಲಿ, ಅರೇಬಿಕಾ ಕೊಯ್ಲಿಗೆ ಮುಂಚೆ, ರೈಟರುಗಳಿಗೆ, ಮೇಸ್ತ್ರಿಗಳಿಗೆ, ಸಾಧ್ಯವಾದರೆ ಧಣಿಗಳಿಗೆಂದು ಇದೇ ವಿಷಯದ ಒಂದು ದಿನದ ಕೂಟವನ್ನು ಇಡಬೇಕೆಂದು ಬರೆದೆ. ಸಿಸ್ಟರ್ ಓದಿ ನೋಡಿ, “ಇಡಬಹುದು, ಆದರೆ ಬರುತ್ತಾರೆಯೇ?” ಎಂದು ಕೇಳಿದರು. ನನ್ನ ಹೆಸರಿನ ಕೆಳಗೆ ಪಕ್ಕದ ತೋಟದ ಇಬ್ಬರು ರೈಟರುಗಳ ಹೆಸರನ್ನೂ, ಅವರನ್ನು ಕೇಳದೆಯೇ, ಬರೆದು ಬಂದಿದ್ದೇನೆ.